ಬಾದಾಮಿ, ಐಹೊಳೆ, ಪಟ್ಟದಕಲ್ಲು: ಶಾಸನ ಓದುತ್ತ ಎರಡು ದಿನ

ಈ ಮೂರೂ ಊರನ್ನು ಒಂದೇ ದಿನದಲ್ಲಿ ಮುಗಿಸಲು ಹೋಗಬೇಡಿ. ಹಾಗೆ ಓಡಿದರೆ ಗುಡಿಗಳು ಕಾಣುತ್ತವೆ, ಶಾಸನಗಳು ಕಣ್ತಪ್ಪುತ್ತವೆ. ಚಾಲುಕ್ಯರು ದೇವರ ಆಸರೆಯಲ್ಲಿ ತಮ್ಮ ಅರಸುತನವನ್ನು ಹೇಗೆ ಗಟ್ಟಿ ಮಾಡಿಕೊಂಡರು ಎಂಬುದು ಇರುವುದು ಆ ಅಕ್ಷರಗಳಲ್ಲೇ.

ಬಾದಾಮಿಯಲ್ಲಿ ಎರಡು ರಾತ್ರಿ ಉಳಿಯಿರಿ. ರೈಲು ನಿಲ್ದಾಣ ಊರಿನಿಂದ 5 ಕಿ.ಮೀ. ದೂರ. ಶುಕ್ರವಾರ ಮ್ಯೂಸಿಯಂಗೆ ರಜೆ, ಆ ದಿನ ಬಿಡಿ. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಹವೆ ಹಿತ. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆ ಕಾದು ಮಧ್ಯಾಹ್ನ ಕಾಲಿಡಲಾಗದು. ಒಂದು ಟಾರ್ಚ್, ಒಂದು ದುರ್ಬೀನು, ಕಾಲುಚೀಲ ಇಟ್ಟುಕೊಳ್ಳಿ.

ಟಾರ್ಚನ್ನು ಅಕ್ಷರಗಳ ಮೇಲೆ ನೇರವಾಗಿ ಹಿಡಿದರೆ ಏನೂ ಕಾಣದು. ಗೋಡೆಗೆ ಒತ್ತಿ, ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ಕೊರೆದ ಗೆರೆಯೊಳಗೆ ನೆರಳು ಕೂತು ಅಕ್ಷರ ಎದ್ದು ನಿಲ್ಲುತ್ತದೆ.

ಮೊದಲ ದಿನ ಬೆಳಿಗ್ಗೆ ಬಾದಾಮಿಯ ಗುಹೆಗಳು. ಒಂದನೆಯದು ಶಿವನದು, ಎರಡು ಮತ್ತು ಮೂರು ವಿಷ್ಣುವಿನವು, ನಾಲ್ಕನೆಯದು ಜೈನರದು. ಕೈಯಲ್ಲಿ ತಿಂಡಿಯ ಚೀಲ ಬೇಡ, ಮಂಗಗಳು ಕಸಿದುಕೊಳ್ಳುತ್ತವೆ. ಹೆಚ್ಚು ಹೊತ್ತು ಕೊಡಬೇಕಾದ್ದು ಮೂರನೆಯದಕ್ಕೆ. ಕ್ರಿ.ಶ. 578ರಲ್ಲಿ ಮಂಗಲೇಶ ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಮಾಡಿಸಿದ್ದು. ಅಲ್ಲಿನ ಪುಟ್ಟ ಕನ್ನಡ ಶಾಸನ ಗುಹೆಯನ್ನು 'ಕಲ್ಮನೆ' ಎನ್ನುತ್ತದೆ. ದೇವರಿಗೆ ಹೂ ಕಟ್ಟುವ ಮಾಲೆಗಾರರಿಗೆ ಲಂಜಿಗೇಸರ ಎಂಬ ಊರಿನಿಂದ ದತ್ತಿ. ಅದನ್ನು ಕೆಡಿಸಿದವನು ಏಳನೆಯ ನರಕದ ಹುಳು ಆಗಲಿ ಎಂಬ ಶಾಪ. ಅರಸನ ಆಜ್ಞೆಗೆ ಕಾವಲು ದೇವರದೇ ಭಯ!

ಉತ್ತರದ ಗುಡ್ಡದಲ್ಲಿ ಒಂದನೆಯ ಪುಲಕೇಶಿಯ 543ರ ಬಂಡೆ ಶಾಸನವಿದೆ. ಅಶ್ವಮೇಧ ಮಾಡಿದ ಅರಸ ಕೋಟೆ ಕಟ್ಟಿಸಿದ ಎನ್ನುತ್ತದೆ. ಅದು ಎತ್ತರದಲ್ಲಿದೆ, ದುರ್ಬೀನು ಬೇಕಾಗುವುದು ಇಲ್ಲೇ. ಸಂಜೆ ಭೂತನಾಥ ಗುಡಿಯ ಬಳಿ ಇರಿ. ಅದು ಕೆರೆಯ ಕಡೆಗೆ, ಪಶ್ಚಿಮಕ್ಕೆ ಮುಖ ಮಾಡಿದೆ, ಇಳಿಬಿಸಿಲು ಸೀದಾ ಬೀಳುತ್ತದೆ.

ಎರಡನೆಯ ದಿನಕ್ಕೆ ಕಾರು ಅಥವಾ ಆಟೋ ಗೊತ್ತು ಮಾಡಿ, ಕಾಯುವ ಹೊತ್ತನ್ನೂ ಸೇರಿಸಿ ಮೊದಲೇ ಬಾಡಿಗೆ ಮಾತಾಡಿ. ಪಟ್ಟದಕಲ್ಲಿಗೂ ಐಹೊಳೆಗೂ ನಡುವೆ ಬಸ್ಸು ನಂಬಿದರೆ ಅರ್ಧ ದಿನ ಹೋಗುತ್ತದೆ. ಬಾದಾಮಿಯಿಂದ ಹೊರಟವರಿಗೆ ಮೊದಲು ಸಿಗುವುದು 22 ಕಿ.ಮೀ. ದೂರದ ಪಟ್ಟದಕಲ್ಲು, ಎಲ್ಲರೂ ಅಲ್ಲೇ ಇಳಿಯುತ್ತಾರೆ. ನೀವು ಇಳಿಯಬೇಡಿ, ಸೀದಾ ಐಹೊಳೆಗೆ ಹೋಗಿ ಮೇಗುತಿ ಗುಡ್ಡ ಹತ್ತಿ. ಕವಿ ರವಿಕೀರ್ತಿಯ 634ರ ಶಾಸನ ಇರುವುದು ಗುಡ್ಡದ ಮೇಲಿನ ಜೈನ ಬಸದಿಯ ಪೂರ್ವದ ಹೊರಗೋಡೆಯಲ್ಲಿ. ಹತ್ತು ಗಂಟೆಯ ಸುಮಾರಿಗೆ ಬಿಸಿಲು ಮೇಲಿನಿಂದ ಓರೆಯಾಗಿ ಬೀಳುತ್ತದೆ, ಟಾರ್ಚೇ ಬೇಡ. ಮಧ್ಯಾಹ್ನ ದಾಟಿದರೆ ಗೋಡೆ ನೆರಳಿಗೆ ಹೋಗುತ್ತದೆ. ಭಾಷೆ ಸಂಸ್ಕೃತ. ಇಮ್ಮಡಿ ಪುಲಕೇಶಿಯ ಎದುರು ಉತ್ತರ ಭಾರತದ ಅರಸ ಹರ್ಷನು ಹರ್ಷವನ್ನೇ ಕಳೆದುಕೊಂಡ ಎಂಬ ಶ್ಲೇಷೆ ಇರುವುದು ಇದರಲ್ಲೇ. ಅಶ್ವಮೇಧ ಮಾಡಿದ ಒಂದನೆಯ ಪುಲಕೇಶಿಯ ಮೊಮ್ಮಗನ ಕೀರ್ತಿಯನ್ನು ಜೈನ ಕವಿಯೊಬ್ಬ ಜಿನಾಲಯದ ಗೋಡೆಯ ಮೇಲೆ ಹಾಡಿದ್ದಾನೆ ಎಂಬುದನ್ನು ಅಲ್ಲೇ ನಿಂತು ನೆನೆಯಿರಿ.

ಅದೇ ಇಮ್ಮಡಿ ಪುಲಕೇಶಿಯ ರಾಜಧಾನಿ ಬಾದಾಮಿ ಸುಮಾರು 642ರಲ್ಲಿ ಪಲ್ಲವರ ನರಸಿಂಹವರ್ಮನ ಕೈಗೆ ಬಿತ್ತು. ಇದು ಗೊತ್ತಿದ್ದರೆ ಮಧ್ಯಾಹ್ನದ ಪಟ್ಟದಕಲ್ಲು ಬೇರೆಯೇ ಆಗಿ ಕಾಣುತ್ತದೆ. ಅಲ್ಲಿನ ವಿರೂಪಾಕ್ಷ ಗುಡಿ, ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಮೊದಲ ಹೆಸರು ಲೋಕೇಶ್ವರ. ಕಟ್ಟಿದ ಶಿಲ್ಪಿ ಗುಂಡನ ಹೆಸರೂ ಶಾಸನದಲ್ಲಿದೆ. ಇಲ್ಲಿ ಈಗಲೂ ಪೂಜೆ ನಡೆಯುತ್ತದೆ, ಚಪ್ಪಲಿ ಹೊರಗೇ ಬಿಡಬೇಕು. ಕಾಲುಚೀಲ ತನ್ನಿ ಎಂದದ್ದು ಇದಕ್ಕೇ. ಒಳಗಿನ ಕಂಬಗಳಿಗೆ ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳಿ.

ಮುಂದೆ ಎಂದಾದರೂ ಕಂಚಿಗೆ ಹೋದರೆ ಕೈಲಾಸನಾಥ ದೇವಾಲಯದ ಕಂಬಗಳಲ್ಲಿ ಕನ್ನಡ ಶಾಸನ ಹುಡುಕಿ. ಗೆದ್ದ ಊರಿನ ದೇವರ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟೆನೆಂದು ವಿಕ್ರಮಾದಿತ್ಯ ಬರೆಸಿದ್ದು ಅಲ್ಲಿದೆ.