ಮನೆಗೆ ಬೋರ್ ಕೊರೆಸುವವರಿಗೆ ಅರ್ಧ ಇಂಚಿನ ಲೆಕ್ಕ

ಕೋಲಾರ ಜಿಲ್ಲೆಯಲ್ಲಿ ಬೋರ್‌ವೆಲ್ ಲಾರಿಯ ಜೊತೆ ಸೂಪರ್‌ವೈಸರ್ ಆಗಿ ಕೆಲಸ ಮಾಡುತ್ತೇನೆ. ಮನೆ ಕಟ್ಟುವವರು ಮೊದಲು ಕೇಳುವುದು, "ಎಷ್ಟು ಅಡಿಗೆ ನೀರು ಸಿಗುತ್ತೆ ಅಣ್ಣ?" ಅಂತ. ಖಂಡಿತವಾಗಿ ಹೇಳೋಕೆ ಯಾರಿಂದಲೂ ಆಗದು. ಇಲ್ಲಿ ನೆಲದಡಿ ಇರುವುದು ಗ್ರಾನೈಟ್, ನೈಸ್‌ನಂಥ ಗಟ್ಟಿ ಕಲ್ಲು. ಆಳದಲ್ಲಿ ನೀರು ಸಿಗುವುದು ಕಲ್ಲಿನ ಬಿರುಕಿನಲ್ಲಿ ಮಾತ್ರ. ಪಕ್ಕದ ಸೈಟಿನಲ್ಲಿ 400 ಅಡಿಗೆ ಸಿಕ್ಕ ಬಿರುಕು ನಿಮ್ಮ ಸೈಟಿನ ಕೆಳಗೆ ಹಾಯದೇ ಇರಬಹುದು. 1,000 ಅಡಿ ದಾಟಿಯೂ ಒಣಗಿರುವ ಬೋರ್‌ಗಳು ಈ ಕಡೆ ಬೇಕಾದಷ್ಟಿವೆ.

ಅಡಿಗಿಂತ ಮುಖ್ಯವಾದದ್ದು ಇಂಚು. ಬೋರ್‌ನಿಂದ ಬರುವ ನೀರನ್ನು ವಿ ಆಕಾರದ ಕಿಂಡಿ ಇರುವ ತಗಡಿನ ಮೂಲಕ ಹರಿಸಿ, ಎಷ್ಟು ಇಂಚು ಎತ್ತರಕ್ಕೆ ನಿಂತಿದೆ ಅಂತ ಅಳೆಯುತ್ತೇವೆ. ಕಿಂಡಿ 90 ಡಿಗ್ರಿಯದಾದರೆ ಒಂದು ಇಂಚು ಅಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚು ಅಂದರೆ 1,000 ಲೀಟರ್ ಅಲ್ಲ, ಸುಮಾರು 2,800. ಎತ್ತರ ಏರಿದ ಹಾಗೆ ಕಿಂಡಿ ಅಗಲವೂ ಆಗುತ್ತದೆ, ಅದಕ್ಕೇ. ಅರ್ಧ ಇಂಚಿಗೆ ಗಂಟೆಗೆ 90 ಲೀಟರ್ ಅಷ್ಟೇ.

ಅರ್ಧ ಇಂಚು ಅಂದ ಕೂಡಲೇ ಮನೆಯವರ ಮುಖ ಬಾಡುತ್ತದೆ. ಮಾಲೂರು ಕಡೆ ಒಬ್ಬ ಹಿರಿಯರು, "ಇನ್ನೂ ಮುನ್ನೂರು ಅಡಿ ಹೊಡೀರಿ, ದುಡ್ಡು ಹೊಂದಿಸ್ತೀನಿ" ಅಂದರು. "ಇಲ್ಲಿಗೆ ಸಾಕು ಯಜಮಾನ್ರೇ, ಒಂದು ಲೆಕ್ಕ ನೋಡಿ" ಅಂತ ಅವರನ್ನು ಕೂರಿಸಿಕೊಂಡೆ. ಗಂಟೆಗೆ 90 ಲೀಟರ್ ಅಂದರೆ ದಿನಕ್ಕೆ 2,000 ಲೀಟರ್‌ಗೂ ಜಾಸ್ತಿ. ನಗರದ ಅಳತೆಯಂತೆ ತಲೆಗೆ 135 ಲೀಟರ್ ಹಿಡಿದರೂ ಐದು ಜನಕ್ಕೆ 675 ಲೀಟರ್ ಸಾಕು. ಆರೂವರೆ ಇಂಚಿನ ಬೋರ್‌ನಲ್ಲಿ ನೂರು ಅಡಿ ನೀರು ನಿಂತರೆ ಅದೇ ಸುಮಾರು 650 ಲೀಟರ್. ಸಣ್ಣ ಮೋಟಾರ್ ಇಳಿಸಿ, ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಓಡಿಸಿ, ನಡುವೆ ಬೋರ್‌ಗೆ ತುಂಬಿಕೊಳ್ಳಲು ಬಿಡಬೇಕು. ನೀರು ಕೆಳಗಿಳಿದರೆ ತಾನೇ ನಿಲ್ಲುವ ಸ್ಟಾರ್ಟರ್ ಇರಲೇಬೇಕು. ಅವರು ಒಪ್ಪಿದರು. ಉಳಿದ ದುಡ್ಡಿನಲ್ಲಿ ದೊಡ್ಡ ಸಂಪ್ ಕಟ್ಟಿಸಿದರು. ತೋಟಕ್ಕೆ ಈ ಲೆಕ್ಕ ನಡೆಯಲ್ಲ, ಮನೆಗೆ ಧಾರಾಳವಾಗಿ ನಡೆಯುತ್ತೆ.

ಹೆಚ್ಚಿಗೆ ಹೊಡೆಸುವ ಆ ಮುನ್ನೂರು ಅಡಿಯ ಖರ್ಚು ಸಣ್ಣದಲ್ಲ. ಸಾಮಾನ್ಯವಾಗಿ ಮೊದಲ 300 ಅಡಿಗೆ ಒಂದು ರೇಟು, ಆಮೇಲೆ ಪ್ರತಿ ನೂರು ಅಡಿಗೂ ರೇಟು ಏರುತ್ತದೆ. ಮೇಲಿನ ಮಣ್ಣು ಕುಸಿಯದಂತೆ ಬೋರ್‌ನೊಳಗೆ ಇಳಿಸುವ ಕೇಸಿಂಗ್ ಪೈಪ್‌ಗೆ ಬೇರೆ ದುಡ್ಡು. ಮೋಟಾರ್ ಕೆಳಗಿಳಿದಷ್ಟೂ ಪೈಪ್, ಕೇಬಲ್, ಎಚ್‌ಪಿ ಎಲ್ಲವೂ ಏರುತ್ತವೆ. ಆಮೇಲೆ ಕರೆಂಟ್ ಬಿಲ್ ಪ್ರತಿ ತಿಂಗಳೂ ಬರುತ್ತೆ ಅಲ್ವಾ? ರೇಟನ್ನು ಅಡಿ ಅಡಿಯಾಗಿ ಬರೆಸಿಕೊಳ್ಳಿ. ಆದರೆ ಕೇಸಿಂಗ್‌ನಲ್ಲಿ ಉಳಿಸಲು ಹೋಗಬೇಡಿ. ಅದು ಗಟ್ಟಿ ಕಲ್ಲಿನ ಮೇಲೆ ಕೂರದಿದ್ದರೆ ಮಣ್ಣು ಕುಸಿದು ಬೋರೇ ಮುಚ್ಚಿಹೋಗುತ್ತದೆ.

ಬಿರುಕು ಸಿಕ್ಕ ಕ್ಷಣದಲ್ಲಿ ನೀರು ಆಳೆತ್ತರ ಚಿಮ್ಮುತ್ತದೆ. ಅದನ್ನು ನೋಡಿ ಇಂಚು ಬರೆದುಕೊಳ್ಳಬೇಡಿ. ಅದು ಒಳಗೆ ನಿಂತಿದ್ದ ನೀರು. ಕನಿಷ್ಠ ಒಂದು ಗಂಟೆ ಫ್ಲಷಿಂಗ್ ಮಾಡಿಸಿ, ಅಂದರೆ ಗಾಳಿ ಊದಿಸಿ ಒಳಗಿನ ನೀರನ್ನು ಹೊರಹಾಕಿಸಿ, ಹರಿವು ಒಂದೇ ಸಮ ಬರತೊಡಗಿದ ಮೇಲೆ ಅಳೆಸಿ. ಅರ್ಧ ಇಂಚೂ ಬರದೆ ಬೋರ್ ಫೇಲಾದರೆ, ಲಾರಿ ಹೊರಡುವ ಮುಂಚೆಯೇ ಅದನ್ನು ತಳದಿಂದ ಮೇಲಿನವರೆಗೆ ಮಣ್ಣು, ಕಲ್ಲು ತುಂಬಿಸಿ ಮುಚ್ಚಿಸಿ. ಕೇಸಿಂಗ್ ಪೈಪ್ ವಾಪಸ್ ಕಿತ್ತುಕೊಂಡು ಬಾಯಿ ತೆರೆದ ಬೋರನ್ನು ಹಾಗೇ ಬಿಟ್ಟು ಹೋಗಬೇಡಿ. ಅಲ್ಲಿ ಮಕ್ಕಳು ಓಡಾಡುತ್ತಾರೆ.