ಆ 1,200 ಪಲ್ಸ್‌ಗಳು

ಮಂಡ್ಯದಲ್ಲಿ ಕಬ್ಬು ಅರೆಯುವ ಕಾಲ ಬಂದರೆ ನಮ್ಮ ಮೈಕ್ರೊಕಂಟ್ರೋಲರ್ ಲ್ಯಾಬಿನ ಕಿಟಕಿಯಲ್ಲೂ ಕಾಕಂಬಿ ವಾಸನೆ ಬರುತ್ತಿತ್ತು. ಇವತ್ತಿಗೂ ಆ ವಾಸನೆಗೆ ನನಗೆ 8051 ಅನ್ನೋ ಮೈಕ್ರೊಕಂಟ್ರೋಲರ್, ಅಂದರೆ ಪುಟ್ಟ ಕಂಪ್ಯೂಟರಿನಂಥ ಚಿಪ್ಪೇ ನೆನಪಾಗುತ್ತದೆ.

ಏಳನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ ಪಲ್ಸ್, ಅಂದರೆ ವಿದ್ಯುತ್ತಿನ ಮಿಡಿತ ಎಣಿಸುವ ಬೋರ್ಡ್ ಮಾಡುತ್ತಿದ್ದೆ. ಫಂಕ್ಷನ್ ಜನರೇಟರಿನಿಂದ 100 ಕಿಲೋಹರ್ಟ್ಸ್ (ಸೆಕೆಂಡಿಗೆ ಒಂದು ಲಕ್ಷ) ಪಲ್ಸ್ ತೆಗೆದು, ಚಿಪ್ಪಿನೊಳಗಿನ ಕೌಂಟರ್ ಆದ ಟೈಮರ್ 0ರ ಪಿನ್ನಿಗೆ ಕೊಟ್ಟಿದ್ದೆ. ಅದೇ ತಂತಿ ಲ್ಯಾಬಿನ ಕೌಂಟರಿಗೂ ಹೋಗಿತ್ತು. ಒಂದು ನಿಮಿಷ ಓಡಿಸಿ ನಿಲ್ಲಿಸಿದರೆ ಎರಡರಲ್ಲೂ ಒಂದೇ ಲೆಕ್ಕ ಬರಬೇಕು, ಅಲ್ವಾ? ನನ್ನದರಲ್ಲಿ ಪ್ರತಿ ಸಲ ಸುಮಾರು 1,200 ಕಡಿಮೆ.

ಎರಡು ದಿನ ವೈರ್ ಬದಲಿಸಿದೆ, ಬ್ರೆಡ್‌ಬೋರ್ಡ್ ಬದಲಿಸಿದೆ, ಕೊನೆಗೆ ಚಿಪ್ಪನ್ನೇ ಬದಲಿಸಿದೆ. ವೇಗ ಜಾಸ್ತಿಯಾಯಿತೇನೋ ಅಂತ ಡೇಟಾಶೀಟ್ ತೆಗೆದೆ. ಚಿಪ್ಪಿನ ಕೌಂಟರ್, ಚಿಪ್ಪಿಗೆ ತಾಳ ಕೊಡುವ ಕ್ರಿಸ್ಟಲ್‌ನ ವೇಗದ 24ನೇ ಒಂದು ಭಾಗದವರೆಗೆ ಎಣಿಸಬಲ್ಲದು. ನನ್ನ 11.0592 ಮೆಗಾಹರ್ಟ್ಸ್ ಕ್ರಿಸ್ಟಲ್‌ಗೆ ಅದು 460 ಕಿಲೋಹರ್ಟ್ಸ್. ಹಾಗಾಗಿ ಅದೂ ಕಾರಣವಲ್ಲ.

ಮೂರನೇ ದಿನ ಲ್ಯಾಬ್ ಸರ್ ಬಂದು ಪಕ್ಕ ಕೂತರು. ಬೋರ್ಡಿನ ಕಡೆ ನೋಡಲೇ ಇಲ್ಲ.

"ಸೆಕೆಂಡಿಗೆ ಎಷ್ಟು ಸಲ ಕೌಂಟರ್ ಓದ್ತೀಯಪ್ಪ?"

"ಹತ್ತು ಸಲ ಸರ್."

"ಐದು ಮಾಡಿ ನೋಡು."

ಮಾಡಿದೆ. ಕೊರತೆ 600ಕ್ಕೆ ಇಳಿಯಿತು! ಆ ಒಂದು ಪ್ರಶ್ನೆಗೆ ನಾನು ಇವತ್ತಿಗೂ ಋಣಿ. ಪಲ್ಸ್ ಎಷ್ಟು ಬಂತು ಅಂತ ನಾನು ನೋಡುತ್ತಿದ್ದೆ, ಕೊರತೆ ಯಾವುದರ ಜೊತೆ ಏರಿ ಇಳಿಯುತ್ತದೆ ಅಂತ ಅವರು ನೋಡಿದರು.

ನಾನು ಪ್ರತಿ ಸಲ ಕೌಂಟರ್ ನಿಲ್ಲಿಸಿ, ಓದಿ, ಸೊನ್ನೆ ಮಾಡಿ, ಮತ್ತೆ ಬಿಡುತ್ತಿದ್ದೆ. ಅದಕ್ಕೆ ಹೆಚ್ಚುಕಡಿಮೆ 20 ಮೆಷಿನ್ ಸೈಕಲ್ (ಚಿಪ್ಪಿನ ಕೆಲಸದ ಹೆಜ್ಜೆಗಳು), ಅಂದರೆ 22 ಮೈಕ್ರೊಸೆಕೆಂಡ್ ಹಿಡಿಯುತ್ತಿತ್ತು. ಅಷ್ಟರಲ್ಲಿ ಎರಡು ಪಲ್ಸ್ ಹೋಗಿಬಿಡುತ್ತಿದ್ದವು.

"ಫ್ಯಾಕ್ಟರಿ ಗೇಟಲ್ಲಿ ಕಬ್ಬಿನ ಗಾಡಿ ಎಣಿಸೋನು ಬುಕ್ಕಲ್ಲಿ ಬರೆಯೋಕೆ ತಲೆ ಬಗ್ಗಿಸ್ದಂಗಾಯ್ತು ಇದು. ಕೌಂಟರ್ ನಿಲ್ಲಿಸ್ಬೇಡ, ಓಡ್ತಾ ಇರ್ಲಿ. ಈಗಿನ ಲೆಕ್ಕದಲ್ಲಿ ಹಿಂದಿನದನ್ನ ಕಳಿ" ಅಂದರು.

ಕೌಂಟರ್ 65,535 ದಾಟಿ ಸೊನ್ನೆಗೆ ಬಂದರೂ, 16 ಬಿಟ್‌ನಲ್ಲೇ ಕಳೆದರೆ ಉತ್ತರ ಸರಿಯಾಗೇ ಬರುತ್ತದೆ. ಪೂರ್ತಿ ಒಂದು ಸುತ್ತು ಮುಗಿಯುವ ಮೊದಲು ಓದಬೇಕು, ಅಷ್ಟೇ.

ಆಮೇಲೆ ಇನ್ನೊಂದು ಕಾಟ ಶುರುವಾಯಿತು. ಎಲ್ಲೋ ಒಮ್ಮೆ ಒಂದು ಲೆಕ್ಕ 256 ಕಡಿಮೆ, ಮುಂದಿನದು 256 ಜಾಸ್ತಿ. ಇದನ್ನು ನಾನೇ ಹಿಡಿದೆ, ಆ ಖುಷಿ ಇನ್ನೂ ಹಾಗೇ ಇದೆ. 16 ಬಿಟ್‌ನ ಲೆಕ್ಕ ಮೇಲಿನದು, ಕೆಳಗಿನದು ಅಂತ ಎರಡು ಬೈಟ್‌ಗಳಲ್ಲಿರುತ್ತದೆ. ಮೇಲಿನ ಬೈಟ್ ಓದಿ ಕೆಳಗಿನದಕ್ಕೆ ಬರುವಷ್ಟರಲ್ಲಿ ಕೆಳಗಿನದು 255ರಿಂದ ಸೊನ್ನೆಗೆ ಹೋಗಿ ಮೇಲಿನದು ಒಂದು ಏರುತ್ತಿತ್ತು. ಮೇಲಿನದನ್ನು ಇನ್ನೊಮ್ಮೆ ಓದುವುದು, ಬದಲಾಗಿದ್ದರೆ ಎರಡನ್ನೂ ಮತ್ತೆ ಓದುವುದು. ಸರಿಹೋಯಿತು.

ಸಂಜೆ ಎರಡೂ ಡಿಸ್‌ಪ್ಲೇಯಲ್ಲಿ ಒಂದೇ ಸಂಖ್ಯೆ ಬಂತು. ನಾನು ಬ್ಯಾಗ್ ಎತ್ತಿಕೊಂಡೆ. ಸರ್ ಮತ್ತೆ ಜನರೇಟರ್ ಆನ್ ಮಾಡಿದರು. "ಕೂತ್ಕೊ, ಹತ್ತು ನಿಮಿಷ ಓಡ್ಸೋಣ" ಅಂದರು. ಮೈಸೂರಿಗೆ ಹೋಗುವ ನನ್ನ ರೈಲು ತಪ್ಪಿತು. ಆರು ಕೋಟಿ ಪಲ್ಸ್‌ನಲ್ಲಿ ಒಂದೂ ತಪ್ಪಲಿಲ್ಲ.