ನೀಮ್‌ನ ರೋಮನ್ ದೇವಾಲಯಕ್ಕೆ ಹೋಗುವವರಿಗೆ ಒಂದಿಷ್ಟು ಕಿವಿಮಾತು

ದಕ್ಷಿಣ ಫ್ರಾನ್ಸಿನ ನೀಮ್‌ಗೆ ರೈಲು ಟಿಕೆಟ್ ಮಾಡಿಸುವಾಗ ನಿಲ್ದಾಣದ ಹೆಸರು ಎರಡು ಸಲ ಓದಿ. 'ನೀಮ್ ಸಾಂತ್ರ್' ಊರೊಳಗಿದೆ, ಅಲ್ಲಿಂದ ದೇವಾಲಯಕ್ಕೆ ನಡೆದೇ ಹೋಗಬಹುದು. 2019ರಲ್ಲಿ ಶುರುವಾದ 'ನೀಮ್ ಪೋಂ ದ್ಯು ಗಾರ್' ಇರುವುದು ಊರಿಂದ ಸುಮಾರು 12 ಕಿ.ಮೀ. ಆಚೆ. ಹೆಸರಿನಲ್ಲಿರುವ ಆ ಪ್ರಸಿದ್ಧ ರೋಮನ್ ಸೇತುವೆಯೂ ಅದರ ಪಕ್ಕದಲ್ಲಿಲ್ಲ! ವೇಗದ ರೈಲುಗಳಲ್ಲಿ ಕೆಲವು ಅಲ್ಲೇ ನಿಲ್ಲುತ್ತವೆ. ಅಲ್ಲಿ ಇಳಿದರೆ ಊರಿಗೆ ಹೋಗುವ ಲೋಕಲ್ ರೈಲಿಗೆ ಕಾಯಿರಿ, ಟ್ಯಾಕ್ಸಿ ಬೇಡ. ನಮ್ಮಿಂದ ಕಿತ್ತುಕೊಂಡ ಬಾಡಿಗೆಯಲ್ಲಿ ಇಬ್ಬರ ಎರಡು ದಿನದ ಊಟ ಮುಗಿಯುತ್ತಿತ್ತು.

ರೂಮಿನ ಕಥೆ ಇನ್ನೂ ಕೆಟ್ಟದ್ದು. ಎ.ಸಿ. ಇದೆ ಎಂದು ದುಡ್ಡು ತೆಗೆದುಕೊಂಡವರು ಕೊಟ್ಟದ್ದು ಒಂದು ಟೇಬಲ್ ಫ್ಯಾನು. ಜುಲೈ ಸೆಕೆಗೆ ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ. ಬೇಸಿಗೆಯಲ್ಲಿ ಹೋಗುವುದಾದರೆ ಎ.ಸಿ.ಯ ಫೋಟೊ ತರಿಸಿಕೊಂಡೇ ಮುಂಗಡ ಕೊಡಿ. ಫೆರಿಯಾ ಉತ್ಸವದ ದಿನಗಳಲ್ಲಂತೂ ಆ ಕಡೆ ಹೋಗಲೇಬೇಡಿ. ಜನಜಂಗುಳಿ ನನಗೆ ಆಗುವುದಿಲ್ಲ.

ಇಷ್ಟಾದರೂ ಹೋಗಿ ಅನ್ನುತ್ತೇನೆ. ಕಾರಣ ಮೇಸೋಂ ಕಾರೇ. ಚಕ್ರವರ್ತಿ ಆಗಸ್ಟಸ್ ದತ್ತು ತೆಗೆದುಕೊಂಡಿದ್ದ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್ ಹೆಸರಿನಲ್ಲಿ ಎರಡು ಸಾವಿರ ವರ್ಷದ ಹಿಂದೆ ಎದ್ದ ಗುಡಿ, ಇಂದಿಗೂ ಕಂಬ, ಗೋಡೆ, ಚಾವಣಿ ಸಮೇತ ನಿಂತಿದೆ. ಖಾಲಿ ಬಿಡದೆ ಚರ್ಚು, ಕುದುರೆ ಲಾಯ, ದಾಖಲೆ ಕಚೇರಿ ಅಂತ ಒಂದಲ್ಲ ಒಂದಕ್ಕೆ ಬಳಸುತ್ತಲೇ ಬಂದದ್ದರಿಂದ ಉಳಿದುಕೊಂಡಿತು.

ಮೆಟ್ಟಿಲು ಎಣಿಸಿ, 15 ಇವೆ. ಮೆಟ್ಟಿಲ ಸಂಖ್ಯೆ ಬೆಸವಾಗಿರಬೇಕು, ಆಗ ಬಲಗಾಲಿಟ್ಟು ಹತ್ತಲು ಶುರುಮಾಡಿದವರು ಬಲಗಾಲಿಟ್ಟೇ ಗುಡಿಯ ಜಗಲಿ ಮುಟ್ಟುತ್ತಾರೆ ಎಂದು ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಬರೆದಿಟ್ಟಿದ್ದಾನೆ. ಬಲಗಾಲಿಟ್ಟು ಒಳಗೆ ಬಾ ಎಂದು ಮನೆಯಲ್ಲಿ ಹೇಳಿಸಿಕೊಂಡು ಬೆಳೆದ ನಾನು ಆ ಮೆಟ್ಟಿಲುಗಳನ್ನು ಮತ್ತೆ ಇಳಿದು ಹತ್ತಿದೆ.

ಬಳಿಕ ಪಕ್ಕದ ಗೋಡೆಗೆ ಬನ್ನಿ. ಒಟ್ಟು 30 ಕಂಬಗಳಲ್ಲಿ ಮುಖಮಂಟಪದ 10 ಮಾತ್ರ ಬಿಡಿಯಾಗಿವೆ, ಉಳಿದ 20 ಅರ್ಧ ಗೋಡೆಯೊಳಗೆ ಹುದುಗಿವೆ. ಸುತ್ತ ಕಂಬಸಾಲಿನ ನೋಟವೂ ಸಿಕ್ಕಿತು, ಒಳಗಿನ ಕೋಣೆಗೆ ಪೂರ್ತಿ ಅಗಲವೂ ಸಿಕ್ಕಿತು. ಎಂಥ ಜಾಣತನ! ಮುಂಭಾಗದ ಕಂಬಗಳ ಮೇಲಿನ ಪಟ್ಟಿಯನ್ನು ಮೊಬೈಲ್ ಜೂಮ್ ಮಾಡಿ ನೋಡಿ, ಸಣ್ಣ ತೂತುಗಳು ಕಾಣುತ್ತವೆ. ಕಂಚಿನ ಅಕ್ಷರಗಳು ಎಂದೋ ಮಾಯವಾದವು. ಅವನ್ನು ಕೂರಿಸಿದ್ದ ತೂತುಗಳ ಜಾಡು ಹಿಡಿದೇ 1758ರಲ್ಲಿ ಸೆಗ್ಯೇ ಎಂಬ ಸ್ಥಳೀಯ ವಿದ್ವಾಂಸ ಗಾಯಸ್, ಲೂಸಿಯಸ್ ಎಂಬ ಆ ಇಬ್ಬರ ಹೆಸರು ಓದಿದ.

ಒಳಗೆ ಹಳೆಯದೇನೂ ಉಳಿದಿಲ್ಲ. ರೋಮನ್ ಅಖಾಡವನ್ನೂ ಸೇರಿಸಿ ಕೊಡುವ ಟಿಕೆಟ್ ಕೊಂಡರೆ ಸರಿ, ಇದೊಂದಕ್ಕೇ ಅಂದರೆ ಹೊರಗಿನಿಂದ ನೋಡಿದರೆ ಸಾಕು. ಎದುರಿಗಿರುವ, ಬ್ರಿಟಿಷ್ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ವಿನ್ಯಾಸ ಮಾಡಿದ ಕಾರೇ ದಾರ್ ಎಂಬ ಕಲಾ ಸಂಗ್ರಹಾಲಯದ ಮೇಲ್ಮಹಡಿಯಿಂದ ಇಡೀ ಗುಡಿ ಕಾಣುತ್ತದೆ.

ಊಟಕ್ಕೆ ಚೌಕದ ಹೋಟೆಲುಗಳು ಬೇಡ. ನಿಲ್ದಾಣದ ಕಡೆಯ ಗಲ್ಲಿಯಲ್ಲಿ ಮೊರೊಕ್ಕೊದ ದಂಪತಿ ನಡೆಸುವ ಪುಟ್ಟ ಅಂಗಡಿಯಲ್ಲಿ ಕುಸ್‌ಕುಸ್ ತಿಂದೆವು. ಹಬೆಯಲ್ಲಿ ಬೆಂದ ಉದುರುದುರಾದ ರವೆ, ಮೇಲೆ ಕಡಲೆಕಾಳು, ಕುಂಬಳ, ಗಜ್ಜರಿಯ ಬಿಸಿ ಸಾರು, ಪಕ್ಕದಲ್ಲಿ ಕೆಂಪು ಖಾರದ ಹರೀಸಾ. ಮಾಂಸ ತಿನ್ನುವುದಿಲ್ಲ ಎಂದಾಗ ಆಕೆ ತರಕಾರಿಯದ್ದೇ ಬೇರೆ ಪಾತ್ರೆ ತೆರೆದು ತೋರಿಸಿದರು, ಕೇಳದೆಯೇ ಇನ್ನೊಂದು ಸೌಟು ಬಡಿಸಿದರು. 10 ಯೂರೋ ಒಳಗೆ ಹೊಟ್ಟೆ ತುಂಬಿತು. ಮಧ್ಯಾಹ್ನ ಒಂದು ಗಂಟೆಯ ಮೇಲೆ ಹೋದರೆ ತರಕಾರಿಯದ್ದು ಖಾಲಿಯಾಗಿರುತ್ತದೆ, ಬೇಗ ಹೋಗಿ.